ನಾಲ್ಕು ಹಸುಗಳ ಅಕ್ಕ

ಹೋದ ತಿಂಗಳು ಒಂದು ಬೆಳಿಗ್ಗೆ ನಿಮಗೆ ತಿಂಡಿಯನ್ನೂ ಮಾಡಿಕೊಡದೆ ನಾನು ದಟ್ಟಗಳ್ಳಿಯ ಬಸ್ಸು ಹತ್ತಿದ್ದೆ. ಸಂಜೆ ಸಾವಿನ ಮನೆಯಿಂದ ಬಂದವಳು ಸ್ನಾನ ಮಾಡಿ ಕುಳಿತಿದ್ದೆ. ಸತ್ತವರು ನಮಗೆ ಏನಾಗಬೇಕು ಅಜ್ಜಿ ಎಂದು ನೀವಿಬ್ಬರೂ ಕೇಳಿದಿರಿ. ಏನೂ ಆಗಬೇಕಿಲ್ಲ ಎಂದೆ. ನೆಂಟಸ್ತಿಕೆಗೆ ಹೆಸರಿಲ್ಲದಿದ್ದರೆ ಹಾಗೆ ಹೇಳುವುದು ರೂಢಿ. ಆದರೆ ಆ ಉತ್ತರ ಸರಿಯಲ್ಲ. ಬಾಯಲ್ಲಿ ಹೇಳುವುದು ನನಗೆ ಎಂದೂ ಸಲೀಸಾಗಿ ಬಂದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇದೆಯಲ್ಲ, ಅದರಲ್ಲೇ ಬರೆದಿಡುತ್ತೇನೆ. ಓದಬೇಕು ಅನ್ನಿಸಿದಾಗ ಓದಿ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ನೀವು ಹುಟ್ಟುವ ಮೊದಲು ನಾವಿದ್ದದ್ದು ದಟ್ಟಗಳ್ಳಿಯ ಆಚೆ, ಹಳೆಯ ಊರು ಮುಗಿದು ಹೊಸ ಬಡಾವಣೆ ಶುರುವಾಗುವ ಕಡೆ. ನಮ್ಮ ಹಿತ್ತಿಲಿಗೂ ಅವರ ಕೊಟ್ಟಿಗೆಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಆ ಗೋಡೆಯ ಮೇಲಿಂದ ಅವರ ತಲೆಯ ಹಳದಿ ಬಟ್ಟೆ ಆ ಕಡೆಯಿಂದ ಈ ಕಡೆಗೆ ಓಡಾಡುವುದನ್ನು ನೋಡುತ್ತಲೇ ನಾನು ಬೆಳಗಿನ ಪಾತ್ರೆ ತೊಳೆಯುತ್ತಿದ್ದೆ.

ಕೊಟ್ಟಿಗೆಯಲ್ಲಿ ಯಾವಾಗಲೂ ನಾಲ್ಕೇ ಹಸು. ಕರುಗಳು ಬೇರೆ. ಸಾಲ ಕೊಡಿಸುತ್ತೇವೆ, ಎಂಟು ಹತ್ತು ಮಾಡಿ ಎಂದು ಹಾಲಿನ ಸಂಘದವರು ಹೇಳಿ ಹೇಳಿ ಸುಸ್ತಾದರು. "ಐದ್ನೇ ಹಸ ಬಂದ್ರೆ ಮೊದ್ಲು ನಾಕು ಹಸೀನ ಹೊಟ್ಟೆ ಕುಯ್ತದೆ, ಆಮೇಲೆ ನನ್ ಸೊಂಟ ಕುಯ್ತದೆ" ಎಂದು ಅಕ್ಕ ಅವರನ್ನು ಕಳಿಸಿಬಿಡುತ್ತಿದ್ದರು. ಊರಿನಲ್ಲಿ ಒಬ್ಬರು ಭಾರಿ ಹಾಲು ಕೊಡುವ ದೊಡ್ಡ ಹಸು ತಂದಾಗ ಎಲ್ಲರೂ ನೋಡಲು ಹೋದರು. ಅಕ್ಕ ಅದರ ಸುತ್ತ ಒಂದು ಸುತ್ತು ಬಂದು, ಬಾಗಿ ಕೆಚ್ಚಲು ನೋಡಿ, "ಹೆಚ್ಚು ಹಾಲು ಕೊಡೋಳು ಹೆಚ್ಚು ಔಷ್ದೀನೂ ಕೇಳ್ತಾಳೆ" ಎಂದು ಸೆರಗು ಕೊಡವಿಕೊಂಡು ಬಂದರು. ಅವರಲ್ಲಿದ್ದವು ನಡುಗಾತ್ರದ ಮಿಶ್ರತಳಿಯ ಹಸುಗಳು. ಹಾಲು ಹದವಾಗಿ ಕೊಡುತ್ತಿದ್ದವು, ವರ್ಷಕ್ಕೊಂದು ಕರು ಹಾಕುತ್ತಿದ್ದವು, ಡಾಕ್ಟರ ಮುಖ ನೋಡುತ್ತಿದ್ದದ್ದು ಕಡಿಮೆ.

ಖರ್ಚಿಲ್ಲದೆ ಹಸು ಸಾಕುವುದು ಹೇಗೆ ಎಂದು ಯಾರಾದರೂ ಕೇಳಿದರೆ ಅಕ್ಕ ಉತ್ತರ ಕೊಡುತ್ತಿರಲಿಲ್ಲ, ಕುಡುಗೋಲು ಕೊಡುತ್ತಿದ್ದರು. ಬಡಾವಣೆಯ ಖಾಲಿ ಸೈಟುಗಳೇ ಅವರ ಹುಲ್ಲುಗಾವಲು. ಯಾವ ಸೈಟಿನಲ್ಲಿ ಗರಿಕೆ ಚೆನ್ನಾಗಿದೆ, ಯಾವುದರಲ್ಲಿ ಕಾಂಗ್ರೆಸ್ ಗಿಡ ತುಂಬಿದೆ, ಯಾವುದಕ್ಕೆ ಜನ ಪ್ಲಾಸ್ಟಿಕ್ ಕವರು ಎಸೆಯುತ್ತಾರೆ ಎಲ್ಲ ಅವರಿಗೆ ಗೊತ್ತಿತ್ತು. ಒಬ್ಬೊಬ್ಬರೇ ಮನೆ ಕಟ್ಟಿಸುತ್ತ ಬಂದರು. ಗೃಹಪ್ರವೇಶಕ್ಕೆ ಮೊದಲು ಹಸು ಕರು ಮನೆ ಹೊಗಬೇಕಲ್ಲ, ಅದಕ್ಕೆ ಅಕ್ಕನನ್ನೇ ಕರೆಯುತ್ತಿದ್ದರು. ಅಕ್ಕ ಎರಡು ಗೋಣಿಚೀಲ ಹಿಡಿದೇ ಹೋಗುತ್ತಿದ್ದರು. ನುಣ್ಣನೆಯ ಹೊಸ ನೆಲದ ಮೇಲೆ ಗೋಣಿ ಹಾಸದೆ ಹಸುವಿನ ಕಾಲನ್ನು ಒಳಗೆ ಇಡಿಸುತ್ತಿರಲಿಲ್ಲ. ರಂಗೋಲಿ ಕೆಡುತ್ತದೆ ಎಂದು ಮನೆಯವರು ಮುಖ ಸಿಂಡರಿಸಿದರೆ, ರಂಗೋಲಿ ಇನ್ನೊಂದು ಬಿಡಬಹುದು, ಮುರಿದ ಕಾಲು ಕೂಡುವುದಿಲ್ಲ ಎನ್ನುತ್ತಿದ್ದರು. ಅಲ್ಲಿಂದ ಬಂದು ಗೋಡೆಗೆ ಒರಗಿ ನನಗೆ ಹೇಳುತ್ತಿದ್ದರು: "ಇವತ್ತು ಇನ್ನೊಂದ್ ಹುಲ್ಲಿನ್ ಜಾಗದ ಪೂಜೆ ಮುಗೀತು ಕಣಮ್ಮಿ."

ರಾಗಿ ಕೊಯ್ಲು ಮುಗಿದ ಕೂಡಲೇ, ಬೆಲೆ ಏರುವ ಮೊದಲು, ವರ್ಷಕ್ಕಾಗುವಷ್ಟು ಒಣಹುಲ್ಲು ತರಿಸಿ, ನೆಲಕ್ಕೆ ತಾಗದಂತೆ ಕಲ್ಲುಚಪ್ಪಡಿಯ ಮೇಲೆ ಮೆದೆ ಒಟ್ಟಿಸುತ್ತಿದ್ದರು. ಮಳೆಗೆ ಬೂಷ್ಟು ಹಿಡಿದ ಒಂದು ಕಂತೆ ಸಿಕ್ಕರೂ ಅದು ತಿಪ್ಪೆಗೆ. ಗೋಡೆಯ ಉದ್ದಕ್ಕೂ ಅಗಸೆ, ನುಗ್ಗೆ ನೆಟ್ಟಿದ್ದರು, ದಿನಾ ಒಂದಿಷ್ಟು ಸೊಪ್ಪು ಮುರಿದು ಹಾಕಲು. ಹಿಂಡಿ, ಬೂಸಾ ಹಾಲಿಗೆ ತಕ್ಕಷ್ಟೇ. ನೀರಿನ ತೊಟ್ಟಿ ಮಾತ್ರ ಅಡುಗೆಮನೆಯ ಬಿಂದಿಗೆಗಿಂತ ಚೊಕ್ಕಟ. ಹಾಲು ಕರೆಯುವಾಗ ಒಂದೊಂದು ಹಸುವಿಗೆ ಒಂದೊಂದು ಬಟ್ಟೆ, ಹಳೆಯ ಸೀರೆ ಹರಿದದ್ದು. ಒಂದು ಹಸುವಿಗೆ ಹಿಂದೆ ಕೆಚ್ಚಲುಬಾವು ಬಂದಿತ್ತು. ಅದನ್ನು ಯಾವಾಗಲೂ ಕೊನೆಗೆ ಕರೆಯುತ್ತಿದ್ದರು. ಮೊದಲ ನಾಲ್ಕು ಹನಿಯನ್ನು ಕಪ್ಪು ತಟ್ಟೆಗೆ ಹಿಂಡಿ, ಗಸಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕರೆದ ಮೇಲೆ ಮುಂದೆ ಹುಲ್ಲು ಹಾಕಿಬಿಡುತ್ತಿದ್ದರು. ಮೊಲೆಯ ಬಾಯಿ ಮುಚ್ಚುವವರೆಗೆ ಹಸು ನಿಂತೇ ಇರಬೇಕು, ಗಂಜಲದ ನೆಲದಲ್ಲಿ ಮಲಗಬಾರದು. ಇದನ್ನೆಲ್ಲ ಅವರು ಯಾವ ತರಬೇತಿಗೂ ಹೋಗಿ ಕಲಿತವರಲ್ಲ. ಒಂದೊಂದು ಹಸು ಕೆಟ್ಟಾಗಲೂ ಒಂದೊಂದು ಕಲಿತೆ ಎನ್ನುತ್ತಿದ್ದರು. ಅವರಿಗೆ ಓದು ಬರೆಹ ಬರುತ್ತಿರಲಿಲ್ಲ. ಜಂತುಹುಳಕ್ಕೆ ಔಷಧಿ ಕುಡಿಸಿದ ದಿನ, ಕಾಲುಬಾಯಿ ಜ್ವರದ ಚುಚ್ಚುಮದ್ದು ಹಾಕಿಸಿದ ದಿನ ಕೊಟ್ಟಿಗೆಯ ಗೋಡೆಗೆ ಸುಣ್ಣದ ಬೊಟ್ಟು ಇಡುತ್ತಿದ್ದರು. ಯಾವ ಬೊಟ್ಟು ಯಾವುದಕ್ಕೆ ಎಂಬುದು ಅವರಿಗೆ ಒಮ್ಮೆಯೂ ತಪ್ಪಲಿಲ್ಲ.

ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಸಗಣಿ. ಆಮೇಲೆ ಕಿವಿ. ಅಂಗೈಯಲ್ಲಿ ಹಸುವಿನ ಕಿವಿಯ ಬುಡ ಹಿಡಿದರೆ ಜ್ವರವೋ ಅಜೀರ್ಣವೋ ಅವರಿಗೆ ತಿಳಿಯುತ್ತಿತ್ತು. ಮನುಷ್ಯರನ್ನೂ ಹಾಗೇ ಮುಟ್ಟಿ ನೋಡುತ್ತಿದ್ದರು. ನಿಮ್ಮ ತಾತ ತೀರಿಕೊಂಡ ಮೇಲೆ ಮೂರು ತಿಂಗಳು ನಾನು ಹಿತ್ತಿಲಿಗೂ ಬಂದಿರಲಿಲ್ಲ. ಬಂದ ಮೊದಲ ದಿನ ಅಕ್ಕ ಗೋಡೆಯ ಆಚೆಯಿಂದಲೇ ಕೈ ಚಾಚಿ ನನ್ನ ಕಿವಿ ಹಿಡಿದರು.

"ತಣ್ಣಗದೆ. ಊಟ ಮಾಡಿಲ್ಲ ನೀನು" ಎಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಬದಲಿಗೆ, ಹೊಸದಾಗಿ ಒಂದು ಹಸು ಕೊಂಡಿದ್ದೇನೆ, ಹೊಸದನ್ನು ಮೂರು ವಾರ ಹಳೆಯ ಹಸುಗಳ ಜೊತೆ ಕಟ್ಟಬಾರದು, ರೋಗವೇನಾದರೂ ಇದ್ದರೆ ಎಲ್ಲಕ್ಕೂ ಅಂಟುತ್ತದೆ, ನಿನ್ನ ಹಿತ್ತಿಲಲ್ಲಿ ಕಟ್ಟಿಕೊಳ್ಳುತ್ತೇನೆ ಎಂದರು. ಅವರಿಗೆ ಬೇರೆ ಜಾಗ ಇರಲಿಲ್ಲವೋ, ನನ್ನನ್ನು ಒಳಗಿನಿಂದ ಹೊರಗೆ ಎಳೆಯಬೇಕಾಗಿತ್ತೋ, ನಾನು ಕೇಳಲಿಲ್ಲ.

ಹೀಗೆ ಬಂದದ್ದು ಕೆಂದಿ. ಕೆಂದ ಬಣ್ಣದ, ಹಣೆಯಲ್ಲಿ ಬಿಳಿ ಚುಕ್ಕೆಯ ಹಸು. ಇಪ್ಪತ್ತೊಂದು ದಿನ ಅದಕ್ಕೆ ನೀರು, ಹುಲ್ಲು ನಾನೇ ಹಾಕಿದೆ. ಬೇರೆ ಕೆಲಸ ನನಗಿರಲಿಲ್ಲ. ಅದು ಕೂತು ಮೆಲುಕು ಹಾಕುವುದನ್ನು ನೋಡುತ್ತ ನಾನೂ ಕೂರುತ್ತಿದ್ದೆ. ಅದನ್ನು ಅಕ್ಕನ ಕೊಟ್ಟಿಗೆಗೆ ಕಳಿಸುವ ದಿನ ಬರೀ ಗೋಡೆಯ ಆಚೆಗೆ ಹೋಗುವ ಹಸುವಿಗಾಗಿ ಅತ್ತುಬಿಟ್ಟೆ ಎಂದರೆ ನೀವು ನಗುತ್ತೀರಿ. ಆಮೇಲೆ ದಿನಾ ಅಕ್ಕನ ಕೊಟ್ಟಿಗೆಯಲ್ಲಿ ನನಗೊಂದು ಪೊರಕೆ ಇತ್ತು. ಕೆಂದಿ ಅಲ್ಲೇ ಗಬ್ಬವಾಯಿತು.

ಅಕ್ಕನಿಗೆ ಜಗಳ ಇದ್ದದ್ದು ಒಂದೇ ವಿಷಯಕ್ಕೆ. ಬಡಾವಣೆಯವರು ಉಳಿದ ಅನ್ನ, ಪೊಂಗಲು, ಮದುವೆಮನೆಯ ಪಾಯಸ ತಂದು ಹಸುವಿಗೆ ಕೊಡಿ, ಪುಣ್ಯ ಬರುತ್ತದೆ ಎನ್ನುತ್ತಿದ್ದರು. ಕೆಲವರು ಕವರಿನಲ್ಲಿ ಕಟ್ಟಿ ಗೇಟಿಗೆ ನೇತುಹಾಕಿ ಹೋಗುತ್ತಿದ್ದರು. ಅಕ್ಕ ಅದನ್ನು ಅವರವರ ಮನೆಗೇ ಹೋಗಿ ಹಿಂದಕ್ಕೆ ಕೊಟ್ಟು ಬರುತ್ತಿದ್ದರು. ಪುಣ್ಯ ನಿಮಗೆ, ಹೊಟ್ಟೆನೋವು ನನ್ನ ಹಸುವಿಗಾ ಎಂದು ಕೇಳುತ್ತಿದ್ದರು. ನನಗೆ ಅವರು ಇದನ್ನು ಬಿಡಿಸಿ ಹೇಳಿದ್ದರು: ಹುಲ್ಲು ಹಾಕಿದರೆ ಹಸುವಿನ ಹೊಟ್ಟೆಯಲ್ಲಿ ಮೆಲ್ಲಗೆ ಮಾಗುತ್ತದೆ, ಅನ್ನ ಹಾಕಿದರೆ ದೋಸೆಹಿಟ್ಟಿನ ಹಾಗೆ ಹುಳಿ ಬಂದು ಉಕ್ಕುತ್ತದೆ, ಒಂದು ಹಿಡಿ ತಡೆದೀತು, ಒಂದು ಪಾತ್ರೆ ಕೊಂದೀತು. ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಒಬ್ಬರ ಜೊತೆ ಮಾತ್ರ ಅಕ್ಕ ರಾಜಿಯಾಗಿದ್ದರು. ಬೀದಿಯ ಮೂಲೆಯ ಹೊಸ ಮನೆಯವರು. ಗಂಡ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮಕ್ಕಳಿರಲಿಲ್ಲ. ಆಕೆ ಶುಕ್ರವಾರ ಸಂಜೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬರುತ್ತಿದ್ದರು. ಮೊದಮೊದಲು ಬೆಲ್ಲ, ನೆನೆಸಿದ ಕಡಲೆ, ಅಕ್ಕಿ ತರುತ್ತಿದ್ದರು. ಕೊನೆಗೆ ಎರಡು ಬಾಳೆಹಣ್ಣು, ಅದಕ್ಕಿಂತ ಒಂದೂ ಹೆಚ್ಚಿಲ್ಲ ಎಂದು ಒಪ್ಪಂದವಾಯಿತು. ಆಕೆ ಹಸುವಿನ ಕೊರಳ ಕೆಳಗೆ ಜೋಲುವ ಗಂಗೆದೊಗಲನ್ನು ಸವರುತ್ತ ತುಂಬ ಹೊತ್ತು ನಿಲ್ಲುತ್ತಿದ್ದರು. "ಮೂಲೆಮನೆ ಅಮ್ಮಯ್ಯನ ಕೈ ಮೆತ್ತಗದೆ, ಹಸಕ್ಕೆ ಗೊತ್ತಾಯ್ತದೆ" ಎಂದು ಅಕ್ಕ ಹೇಳುತ್ತಿದ್ದರು.

ನಿಮ್ಮ ತಾತ ತೀರಿಕೊಂಡ ಮೇಲಿನ ಮೊದಲ ಮಹಾಲಯ ಅಮಾವಾಸ್ಯೆ ಬಂತು. ಹೋದವರಿಗೆ ಎಡೆ ಇಡಬೇಕು. ಅತ್ತೆ ಇದ್ದಾಗ ಅಳತೆಯೆಲ್ಲ ಅವರದು. ಈಗ ಮೊದಲ ಬಾರಿಗೆ ಅಕ್ಕಿ ಅಳೆಯುವ ಕೈ ನನ್ನದು. ಮೈದುನಂದಿರು, ಅವರ ಮನೆಯವರು, ಅತ್ತಿಗೆಯ ಕಡೆಯವರು ಎಲ್ಲ ಬರುತ್ತಾರೆ ಎಂದು ನಾಲ್ಕು ಸೇರು ಅಕ್ಕಿ ಹಾಕಿದೆ. ಅವರವರ ಮನೆಯಲ್ಲೂ ಅಂದೇ ಎಡೆ ಎಂಬುದು ನನಗೆ ಹೊಳೆಯಲಿಲ್ಲ. ಅಲ್ಲಿ ಉಂಡು ತೇಗಿಕೊಂಡು ಏಳೆಂಟು ಜನ ಬಂದರು. ಮಾಂಸದ ಸಾರು ಮುಗಿಯಿತು, ಅದಕ್ಕೆ ಎಂದೂ ಜನ ಕಡಿಮೆಯಾಗುವುದಿಲ್ಲ. ಅನ್ನ ಮುಕ್ಕಾಲು ಪಾಲು ಉಳಿಯಿತು. ಒಂದು ಪಾತ್ರೆ ಪಾಯಸ, ನಿಮ್ಮ ತಾತನಿಗೆ ಇಷ್ಟವೆಂದು ಸುಟ್ಟ ಕಜ್ಜಾಯ ಎಲ್ಲ ಉಳಿಯಿತು. ಬಂದವರು ಕೈ ತೊಳೆದು ಹೊರಟುಹೋದರು.

ನಾನು ಆ ಪಾತ್ರೆಯ ಮುಂದೆ ಕೂತಿದ್ದೆ. ಸತ್ತವರ ಹೆಸರಿನಲ್ಲಿ ಮಾಡಿದ್ದನ್ನು ತಿಪ್ಪೆಗೆ ಸುರಿಯಲು ಕೈ ಬರಲಿಲ್ಲ. ಹಂಚಲು ಹೋದರೆ ಎಲ್ಲರ ಮನೆಯಲ್ಲೂ ಅದೇ ಅನ್ನ, ಅದೇ ಪಾಯಸ. ಅಕ್ಕ ತಮ್ಮ ತವರಿನ ಎಡೆಗೆ ಹೋಗಿದ್ದರು, ಅವರ ಸೊಸೆ ಒಳಗೆ ಮಲಗಿದ್ದಳು. ನಾಲ್ಕು ಗಂಟೆಯ ಹೊತ್ತು. ಗೋಡೆಯ ಆಚೆ ಕೆಂದಿ ತಲೆಯೆತ್ತಿ ನನ್ನನ್ನೇ ನೋಡಿತು. ಆಗ ಅದು ನನಗೆ ಅನ್ನ ಅನ್ನಿಸಲಿಲ್ಲ, ಎಡೆ ಅನ್ನಿಸಿತು. ಕೊಟ್ಟಿಗೆಗೆ ಹೋಗಿ ಬಕೆಟ್ಟಿನಲ್ಲಿ ಅನ್ನ, ಪಾಯಸ, ಕಜ್ಜಾಯ ಎಲ್ಲ ಕಲೆಸಿ ಮುಂದಿಟ್ಟೆ. ಅದು ತಲೆ ಎತ್ತದೆ ತಿಂದಿತು. ತಿಂಗಳುಗಳಿಂದ ನನ್ನ ಅಡುಗೆಯನ್ನು ಯಾರೂ ಅಷ್ಟು ಆಸೆಯಿಂದ ತಿಂದಿರಲಿಲ್ಲ. ಬಕೆಟ್ಟು ನೆಕ್ಕಿ ಮುಗಿಸಿದ ಮೇಲೆ ತೊಳೆದು ಮನೆಗೆ ತಂದೆ. ಆ ದಿನ ಶುಕ್ರವಾರ. ಸಂಜೆ ಮೂಲೆಮನೆಯವರು ತಟ್ಟೆ ಹಿಡಿದು ಬಂದು ಹೋದದ್ದನ್ನು ಕಿಟಕಿಯಿಂದ ಕಂಡೆ.

ಮಾರನೆಯ ಬೆಳಿಗ್ಗೆ ಅಕ್ಕನ ದನಿಗೆ ಎಚ್ಚರವಾಯಿತು. ಕೆಂದಿ ಮಲಗಿತ್ತು, ಏಳುತ್ತಿರಲಿಲ್ಲ. ಮೆಲುಕು ನಿಂತಿತ್ತು. ಹಲ್ಲು ಕಡಿಯುತ್ತಿತ್ತು. ಎಡಪಕ್ಕೆ ತಮಟೆಯ ಹಾಗೆ ಬಿಗಿದಿತ್ತು, ಸಗಣಿ ನೀರಾಗಿ ಹುಳಿ ನಾರುತ್ತಿತ್ತು. ಹೊಟ್ಟೆಯಲ್ಲಿ ಏಳು ತಿಂಗಳ ಕರು. ಅಕ್ಕ ಅದರ ಕಿವಿ ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ನಿನ್ನೆ ಯಾರಾದ್ರೂ ಬಂದಿದ್ರಾ? ಏನಾದ್ರೂ ಕೊಟ್ಟಿದ್ನ ಕಂಡ್ಯಾ?" ಎಂದು ಕೇಳಿದರು.

ನೀನು ಕೊಟ್ಟೆಯಾ ಎಂದು ಅವರು ಕೇಳಲಿಲ್ಲ. ಆ ಅನುಮಾನವೇ ಅವರಿಗೆ ಬಂದಿರಲಿಲ್ಲ. ನಾನು ಇಲ್ಲ ಎಂದು ತಲೆಯಾಡಿಸಿದೆ. ಸುಳ್ಳು ಹೇಳಲು ಬಾಯಿಯೇ ಬೇಕೆಂದಿಲ್ಲ ಮಕ್ಕಳೇ.

ಸೊಸೆ ಎದ್ದು ಬಂದು, ಮೂಲೆಮನೆಯವರು ಬಂದಿದ್ದರು ಎಂದಳು. ಅಕ್ಕ ಹಾಗೇ ಹೊರಟರು. ನಾನೂ ಹಿಂದೆ ಹೋದೆ. ಆಕೆ ಬಾಗಿಲ ಮುಂದೆ ಕೂತು ರಂಗೋಲಿ ಬಿಡುತ್ತಿದ್ದರು. ಹಾಲಿಗೆ ಬಂದವರು, ವಾಕಿಂಗ್ ಹೊರಟವರು ಎಲ್ಲ ನಿಂತರು.

"ನಿಮ್ಮನೇಲಿ ಉಳಿದದ್ನ ಸುರಿಯಾಕೆ ನನ್ ಹಸೀನ ಹೊಟ್ಟೇನೇ ಆಗ್ಬೇಕಿತ್ತಾ? ತಿಪ್ಪೆ ಇರ್ಲಿಲ್ವಾ?"

ಆಕೆ ಏಳಲೂ ಇಲ್ಲ. ಬೆರಳಲ್ಲಿ ರಂಗೋಲಿ ಪುಡಿ ಹಾಗೇ ಇತ್ತು. "ಎರಡು ಬಾಳೆಹಣ್ಣು ಬಿಟ್ರೆ ಏನೂ ಕೊಟ್ಟಿಲ್ಲ ಕಣಮ್ಮ. ದೇವರಾಣೆಗೂ ಕೊಟ್ಟಿಲ್ಲ."

"ದೇವ್ರನ್ಯಾಕೆ ಕರೀತೀರಾ? ಅವ್ನು ಬಂದು ನನ್ ಹಸ ಎಬ್ಬುಸ್ತಾನಾ?"

ಆಕೆ ಸುತ್ತ ನಿಂತವರನ್ನು ನೋಡಿದರು. ನನ್ನನ್ನೂ ನೋಡಿದರು. ನಾನು ಅಕ್ಕನ ಬೆನ್ನ ಹಿಂದೆ ಇದ್ದೆ. ಒಂದು ಮಾತು ಆಡಿದ್ದರೆ ಅಲ್ಲೇ ಮುಗಿಯುತ್ತಿತ್ತು. ಅಷ್ಟು ಜನರ ಎದುರಿಗೆ ನಾನು ಸೆರಗು ಹೊದ್ದುಕೊಂಡು ಇನ್ನೊಂದು ಹೆಜ್ಜೆ ಹಿಂದೆ ಸರಿದೆ. ಗಂಡಸರೊಬ್ಬರು, ಓದಿದವರೇ ಹೀಗೆ ಮಾಡಿದರೆ ಹೇಗೆ ಎಂದರು. ಆಕೆ ರಂಗೋಲಿ ಬಟ್ಟಲು ಅಲ್ಲೇ ಬಿಟ್ಟು ಒಳಗೆ ಹೋದರು.

ಹತ್ತು ಗಂಟೆಗೆ ಪಶು ಆಸ್ಪತ್ರೆಯ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹುಡುಗಿ, ಬೂಟು ಹಾಕಿದ್ದಳು. ಹಸುವಿನ ಪಕ್ಕೆ ಗುದ್ದಿ, ಕಿವಿಗೊಟ್ಟು ಕೇಳಿ, ಏನು ತಿಂದಿದೆ ಎಂದು ಕೇಳಿದಳು. ಗೊತ್ತಿಲ್ಲ, ಕೊಟ್ಟವರು ಒಪ್ಪುತ್ತಿಲ್ಲ ಎಂದು ಅಕ್ಕ ಹೇಳಿದರು. ಹಿಂದಿನ ವಾರ ಒಂದು ಸೈಟಿನಲ್ಲಿ ಕಳೆಗೆ ಔಷಧಿ ಹೊಡೆದಿದ್ದರು, ಅಲ್ಲಿಯ ಹುಲ್ಲೇನಾದರೂ ಬಂತೋ ಎಂಬ ಅನುಮಾನವೂ ಅಕ್ಕನಿಗೆ ಇತ್ತು. ಅನ್ನ ತಿಂದಿದ್ದರೆ ಒಂದು ಚಿಕಿತ್ಸೆ, ವಿಷದ ಹುಲ್ಲು ತಿಂದಿದ್ದರೆ ಬೇರೆ, ತಪ್ಪಿದರೆ ಹೊತ್ತು ಹೋಗುತ್ತದೆ, ಹೊತ್ತು ಹೋದರೆ ಹಸು ಉಳಿಯುವುದಿಲ್ಲ ಎಂದು ಅವಳು ಹೇಳಿದಳು. ಇದಕ್ಕಿಂತ ಬಿಡಿಸಿ ಹೇಳಲು ಆಗದು.

ಅವಳು ಕೈ ತೊಳೆಯಲು ನಲ್ಲಿಗೆ ಬಂದಳು. ಚೊಂಬಿನಲ್ಲಿ ನೀರು ಹಾಕುತ್ತಿದ್ದದ್ದು ನಾನು.

"ಅನ್ನ" ಎಂದೆ. "ಪಾಯಸಾನೂ. ನಾನೇ ಹಾಕಿದ್ದು."

ಮೆಲ್ಲಗೆ ಹೇಳಿದ್ದೆ. ಆದರೂ ಅಕ್ಕನಿಗೆ ಕೇಳಿಸಿತು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ಕೇಳಿದ್ದು ಇಷ್ಟೇ: "ಎಷ್ಟ್ ಸೇರಿನ್ ಅನ್ನ?"

"ಮೂರು."

"ಎಷ್ಟೊತ್ಗೆ?"

"ನಾಕು ಗಂಟೆಗೆ."

ಅಕ್ಕ ಡಾಕ್ಟರ ಕಡೆ ತಿರುಗಿ, ಕೇಳಿಸಿತಲ್ಲ ಎಂಬಂತೆ ನೋಡಿದರು. ಆಮೇಲೆ ನನಗೆ, ಅಂಗಡಿಗೆ ಓಡು, ಅಡುಗೆ ಸೋಡಾ ಇದ್ದಷ್ಟೂ ತಗೊಂಡು ಬಾ ಎಂದರು. ನಾನು ಓಡಿದೆ. ಬಾಯಿಯಿಂದ ಹೊಟ್ಟೆಗೆ ಕೊಳವೆ ಇಳಿಸಿ ಸೋಡಾ ನೀರು ಹಾಕಿದರು, ಕೊರಳ ನರಕ್ಕೆ ಬಾಟಲಿ ಏರಿಸಿದರು. ಅದನ್ನು ಒಂದೇ ಮಗ್ಗುಲಿಗೆ ಬಿಡದೆ, ಹುಲ್ಲಿನ ಕಂತೆಗಳನ್ನು ಒತ್ತುಕೊಟ್ಟು ಕೂರಿಸಿ, ಅಕ್ಕ ಒಂದು ಕಡೆ, ನಾನೊಂದು ಕಡೆ ಕೂತೆವು. ಅಕ್ಕ ನನ್ನ ಜೊತೆ ಆ ಎರಡು ದಿನ ಹಸುವಿನ ಮಾತು ಬಿಟ್ಟು ಬೇರೆ ಆಡಲಿಲ್ಲ. ಎರಡನೆಯ ದಿನ ಸಂಜೆ ಕೆಂದಿಯ ಗಂಟಲಲ್ಲಿ ಒಂದು ಗಂಟು ಮೇಲೇರಿದ್ದು ಕಾಣಿಸಿತು. ಮೆಲುಕು. ಅಕ್ಕ ಅದನ್ನು ನೋಡಿ, ಹೋಗು, ಉಂಡು ಬಾ ಎಂದರು.

ಹಸು ಉಳಿಯಿತು. ಎರಡು ತಿಂಗಳ ಮೇಲೆ ಹೆಣ್ಣುಕರು ಹಾಕಿತು. ಆದರೆ ಹೊಟ್ಟೆಯ ಹುಳಿ ಗೊರಸಿಗೆ ಇಳಿದಿತ್ತು, ಇದ್ದಷ್ಟು ದಿನವೂ ಅದು ಕುಂಟಿಕೊಂಡೇ ನಡೆಯಿತು. ಮುಂಗಾಲು ಎತ್ತಿ ಎತ್ತಿ ಇಡುತ್ತ ಅದು ನೀರಿಗೆ ಬರುವುದನ್ನು ನಾನು ದಿನಾ ನೋಡಬೇಕಾಯಿತು.

ಕೆಂದಿ ಎದ್ದು ನಿಂತ ದಿನ ಅಕ್ಕ ತಲೆಯ ಬಟ್ಟೆ ಬಿಚ್ಚಿ, ಮುಖ ತೊಳೆದು, ಬಾ ಎಂದು ನನ್ನನ್ನು ಕರೆದುಕೊಂಡು ಮೂಲೆಮನೆಗೆ ಹೋದರು. ಬೆಳಗಿನ ಹೊತ್ತೇ, ಜನ ಓಡಾಡುವ ಹೊತ್ತೇ. ಜಗಳವಾಡಿದ ಜಾಗದಲ್ಲೇ ನಿಂತು ಕೈ ಮುಗಿದರು. "ತಪ್ಪು ನಮ್ದು ಕಣಮ್ಮಯ್ಯ. ನಮ್ ಮನೆಯೋರಿಂದ್ಲೇ ಆಗಿದ್ದು. ನಿಮ್ ಮೇಲೆ ಬಾಯ್ ಮಾಡ್ಬುಟ್ಟೆ." ಯಾರು ಮಾಡಿದ್ದು ಎಂದು ಆಕೆ ಕೇಳಿದರು. ನಮ್ಮ ಮನೆಯವರು ಎಂದೇ ಅಕ್ಕ ಮತ್ತೆ ಹೇಳಿದರು. ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಗೇಟಿನ ಹೊರಗೆ ನಿಂತಿದ್ದೆ. ಆಕೆ, ಇರಲಿ ಬಿಡಿ ಎಂದು ಬಾಗಿಲು ಮುಂದೆ ಮಾಡಿಕೊಂಡರು. ಆಮೇಲೆ ಯಾವ ಶುಕ್ರವಾರವೂ ಅವರು ಕೊಟ್ಟಿಗೆಗೆ ಬರಲಿಲ್ಲ.

ಬರುವ ದಾರಿಯಲ್ಲಿ ಅಕ್ಕ ಆ ವಿಷಯ ಎತ್ತಿದರು. ಅದೇ ಮೊದಲು.

"ಸತ್ತೋರ್ಗೆ ಹಸಿವು ಕಮ್ಮಿ ಕಣಮ್ಮಿ. ಮುಂದಿನ್ ವರ್ಸ ಒಂದ್ ಪಾವು ಹಾಕು, ಸಾಕು." ಸ್ವಲ್ಪ ದೂರ ನಡೆದ ಮೇಲೆ ಹೇಳಿದರು: "ಆ ಅಮ್ಮಯ್ಯಂಗೆ ನಾನ್ ಹೇಳಾದು ಹೇಳಿದೀನಿ. ನೀನ್ ಹೇಳಾದು ನಿಂದು. ಅದ್ನ ನಾನ್ ಹೇಳಕಾಗಲ್ಲ."

ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆ ಎನ್ನುತ್ತ ಹಬ್ಬಗಳು ಕಳೆದವು. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ಬೆಟ್ಟದ ದೇವಸ್ಥಾನಕ್ಕೆ ಹೋಗುವ ಬಸ್ಸಿನಲ್ಲಿ ಆಕೆ ಸಿಗುತ್ತಿದ್ದರು. ಚೆನ್ನಾಗಿದ್ದೀರಾ ಎಂದು ಅವರೇ ಕೇಳುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ನಾಚಿಕೆಯ ಸ್ವಭಾವ ಎಂದು ಜನ ನನಗೆ ಹೆಸರಿಟ್ಟಿದ್ದರು, ಆ ಹೆಸರಿನ ಮರೆಯಲ್ಲಿ ಇಷ್ಟು ವರ್ಷ ಕೂತೆ. ನಿಮ್ಮಮ್ಮ ನನ್ನನ್ನು ವಿಜಯನಗರದ ಈ ಮನೆಗೆ ಕರೆತಂದ ಮೇಲೆ ಅದೂ ಒಂದು ನೆಪವಾಯಿತು.

ಅಕ್ಕನನ್ನು ನೋಡಲು ಮಾತ್ರ ಆಗಾಗ ಹೋಗುತ್ತಿದ್ದೆ. ಸೈಟುಗಳು ಮುಗಿದವು, ಹುಲ್ಲು ಮುಗಿಯಿತು, ಅವರ ಮಂಡಿಯೂ ಮುಗಿಯಿತು. ನಾಲ್ಕು ಹಸು ಮೂರಾಯಿತು, ಎರಡಾಯಿತು. ಹುಲ್ಲಿಗೆ ತಕ್ಕಷ್ಟು ಹಸು, ಹಸುವಿಗೆ ತಕ್ಕಷ್ಟು ಹುಲ್ಲಲ್ಲ ಎಂದು ಹೇಳುತ್ತ ಒಂದೊಂದನ್ನೇ ಸಾಕುವವರ ಕೈಗೆ ಹುಡುಕಿ ಕೊಟ್ಟರು. ಕೊನೆಗೆ ಕೆಂದಿಯ ಮೊಮ್ಮಗಳೊಂದು ಉಳಿಯಿತು. ಅಕ್ಕ ಕೊಟ್ಟಿಗೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಸೊಸೆ ಹುಲ್ಲು ಹಾಕುವುದನ್ನು ನೋಡುತ್ತ ಕೂರುತ್ತಿದ್ದರು. ಒಂದು ಸಲ, ಬೇರೇನೋ ಮಾತಾಡುತ್ತಿದ್ದವರು ನಿಲ್ಲಿಸಿ, "ಹೇಳಿದ್ಯಾ?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಅವರು ಮತ್ತೆ ಆ ಮಾತು ಕೇಳಲಿಲ್ಲ. ಬೇಸರವಾಯಿತೋ, ಸುಸ್ತಾಯಿತೋ ತಿಳಿಯದು.

ಹೋದ ತಿಂಗಳು ನಾನು ಹೋಗುವ ಹೊತ್ತಿಗೆ ಅಕ್ಕನನ್ನು ಜಗಲಿಯಲ್ಲಿ ಕೂರಿಸಿ ಹಾರ ಹಾಕಿದ್ದರು. ಮಗಳು ಬರುವುದಿತ್ತು, ಅವಳಿಗಾಗಿ ಕಾಯುತ್ತಿದ್ದರು. ನಾನು ಕಾಲು ಮುಟ್ಟಿ ಒಂದು ಕಡೆ ಕೂತೆ. ಹಿಂದಿನಿಂದ ಹಸು ಕೂಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿತು. ಸಾವಿನ ಮನೆಯಲ್ಲಿ ಬೆಳಗಿನಿಂದ ಅದಕ್ಕೆ ಯಾರೂ ಏನೂ ಹಾಕಿರಲಿಲ್ಲ. ಎದ್ದು ಕೊಟ್ಟಿಗೆಗೆ ಹೋದೆ. ಅಟ್ಟದಿಂದ ಒಂದು ಕಂತೆ ರಾಗಿಹುಲ್ಲು ಇಳಿಸಿದೆ.

ಬಾಗಿಲಲ್ಲಿ ಮೂಲೆಮನೆಯವರು ನಿಂತಿದ್ದರು. ತಲೆ ಪೂರಾ ನೆರೆತಿತ್ತು. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತು, ಬೆಳಿಗ್ಗೆಯಿಂದ ಹಾಕಿಲ್ಲವಾ ಪಾಪ ಎಂದರು.

ನಾನು ಕಂತೆಯನ್ನು ಕೆಳಗಿಟ್ಟೆ. "ಅವತ್ತು ಅನ್ನ ಹಾಕಿದ್ದು ನಾನು" ಎಂದೆ.

ಅವರಿಗೆ ಅರ್ಥವಾಗಲಿಲ್ಲ. "ಯಾವತ್ತು?"

"ಅಮಾವಾಸ್ಯೆ ದಿನ. ಕೆಂದಿಗೆ. ನಮ್ಮನೆಯವರ ಎಡೆ ಉಳಿದಿತ್ತು, ಅದನ್ನ ಹಾಕ್ದೆ. ನಿಮ್ಮನ್ನ ಬೈಯುವಾಗ ಹಿಂದೇನೇ ನಿಂತಿದ್ದೆ."

ಅವರು ಬಾಗಿಲ ಕಂಬ ಹಿಡಿದುಕೊಂಡರು. ಮುಂದೆ ಜಗಲಿಯ ಕಡೆ ಯಾರೋ ಹೊಸದಾಗಿ ಬಂದರು, ಅಳು ಕೇಳಿಸಿ ನಿಂತಿತು. ಆಮೇಲೆ ಅವರು ಮಾತಾಡಿದರು. ಸಿಟ್ಟಿನ ದನಿಯಲ್ಲ, ತುಂಬ ದೂರ ನಡೆದು ಬಂದವರ ದನಿ.

"ಅವತ್ತಿಂದ ನಾನು ಯಾವ ಹಸುಗೂ ಒಂದು ಬಾಳೆಹಣ್ಣು ಕೊಟ್ಟಿಲ್ಲ ಕಣ್ರೀ. ಬೆಟ್ಟದಲ್ಲಿ ಹತ್ರಕ್ಕೆ ಬಂದ್ರೂ ಕೈ ಹಿಂದಕ್ಕೆ ತಗೋತೀನಿ. ಅವರು ಬಂದು ತಪ್ಪಾಯ್ತು ಅಂದ್ರು, ನಿಜ. ಆದ್ರೂ ನಾನೇ ಏನಾದ್ರೂ ಕೊಟ್ಟು ಮರೆತುಬಿಟ್ನೇನೋ, ಪಾಪ ನನ್ನ ಮರ್ಯಾದೆಗೆ ಅಂತ ಹಾಗಂದ್ರೇನೋ ಅಂತ ಅನ್ನಿಸ್ತಾನೇ ಇತ್ತು."

ಕ್ಷಮಿಸಿ ಎಂಬ ಮಾತು ಬಾಯಿಗೆ ಬಂತು, ಅದು ತೀರ ಚಿಕ್ಕದಾಗಿ ಕಂಡಿತು. ಕಂತೆಯ ಕಟ್ಟು ಬಿಚ್ಚಿದೆ. ಎರಡೂ ಕೈಯಲ್ಲಿ ಹುಲ್ಲೆತ್ತಿ ಅವರ ಕಡೆ ಚಾಚಿದೆ.

ಅವರು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿ ಬಂದರು.

"ಎಷ್ಟು ಹಾಕ್ಲಿ?" ಎಂದು ಕೇಳಿದರು.

"ಹುಲ್ಲು ಎಷ್ಟು ಹಾಕಿದ್ರೂ ಏನೂ ಆಗಲ್ಲ. ಹಾಕಿ."

ಆದರೂ ಅವರು ಒಂದೇ ಸಲಕ್ಕೆ ಹಾಕಲಿಲ್ಲ. ಒಂದು ಹಿಡಿ ಹಾಕಿ, ಹಸು ಅದನ್ನು ಅಗಿದು ನುಂಗುವವರೆಗೆ ನಿಂತು ನೋಡಿ, ಇನ್ನೊಂದು ಹಿಡಿ ಹಾಕಿದರು. ಮಗಳು ಬಂದಳು, ಎತ್ತುವ ಹೊತ್ತಾಯಿತು ಎಂದು ಮುಂದಿನಿಂದ ಯಾರೋ ಕರೆದರು. ಕಂತೆ ಮುಗಿಯುವವರೆಗೆ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ.